ನಮ್ ಭಾಗದ ಒಪೆರಾ: ಮೊದಲ ಆಟ ಯಾವುದು, ಟಿಕೆಟ್ ರೊಕ್ಕ ಯಾರದು?

ಭಾಗ 1/9

"ನಾನು ಒಂದು ಒಪೆರಾ ನೋಡಬೇಕು. ಮೊದಲು ಯಾವುದು ನೋಡಲಿ? ಕಡಿಮೆ ರೊಕ್ಕದಾಗ ಟಿಕೆಟ್ ಎಲ್ಲಿ ಸಿಗ್ತದ?"

ಈ ಪ್ರಶ್ನೆಯನ್ನು ವಿಯೆನ್ನಾದ ಒಬ್ಬ ವಿದ್ಯಾರ್ಥಿ ಕೇಳಿದರೆ ಯಾರೂ ನಗುವುದಿಲ್ಲ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಾಗ ನಿಂತು ಕೇಳಿದ್ರ ಪಕ್ಕಾ ನಗ್ತಾರ. ಆದರೆ ನಗುವಂಥದ್ದೇನೂ ಇಲ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಸುತ್ತಮುತ್ತ ಸುಮಾರು ನೂರು ವರ್ಷ ಹಾಡಿನ ನಾಟಕದ್ದೇ ದೊಡ್ಡ ಕಾರಭಾರ ನಡೆದಿತ್ತು.

ಒಪೆರಾ ಅಂದ್ರ ಸರಳವಾಗಿ ಹೇಳಬೇಕಂದ್ರ ಇಷ್ಟೇ: ಕಥೆ ಹಾಡಿನಲ್ಲಿ ಮುಂದೆ ಹೋಗಬೇಕು. ಪಾತ್ರಕ್ಕೆ ಸಿಟ್ಟು ಬಂದರೆ ಆ ಸಿಟ್ಟು ರಾಗದಲ್ಲೇ ಬರಬೇಕು. ನಡುವೆ ಮಾತು ಬಂದರೂ ತಪ್ಪಿಲ್ಲ. ಮೊಝಾರ್ಟ್ 1791ರಲ್ಲಿ ಮಾಡಿದ 'ಮ್ಯಾಜಿಕ್ ಫ್ಲೂಟ್'ನಲ್ಲೂ ಹಾಡುಗಳ ನಡುವೆ ಮಾತು ಇದೆ, ಅದನ್ನ ಜಗತ್ತೆಲ್ಲ ಒಪೆರಾ ಅಂತನೇ ಕರೀತದ. ಈ ಲೆಕ್ಕಕ್ಕೆ ನಮ್ಮ ಶ್ರೀಕೃಷ್ಣ ಪಾರಿಜಾತವೂ ಒಪೆರಾ, ಮರಾಠಿ ಸಂಗೀತ ನಾಟಕವೂ ಒಪೆರಾ, ಹಳೇ ಕಂಪನಿ ನಾಟಕವೂ ಅದರ ಅಣ್ಣತಮ್ಮ.

ಈ ಸರಣಿಯಲ್ಲಿ ಎರಡು ಪ್ರಶ್ನೆ ಜೋಡಿಯಾಗಿ ಬರ್ತಾವ. ಯಾವ ಆಟ ನೋಡಬೇಕು? ಅದರ ರೊಕ್ಕ ಯಾರು ಕೊಡಬೇಕು? ಎರಡನೇ ಪ್ರಶ್ನೆಗೆ ಉತ್ತರ ಬದಲಾದಾಗಲೆಲ್ಲ ಆಟವೂ ಬದಲಾಗಿದೆ. ಅದೇ ಇವತ್ತಿನ ಇತಿಹಾಸ.

ಭಾಗ 2/9: ಊರೇ ರೊಕ್ಕ ಕೊಟ್ಟ ಆಟ

ಮೊದಲು ನಮ್ಮ ಮನೆ ಬಾಗಿಲಿಂದ ಶುರು ಮಾಡೋಣ. ರಾಯಬಾಗದಿಂದ ದಕ್ಷಿಣಕ್ಕೆ ಹೋದರೆ ಗೋಕಾಕ, ಮೂಡಲಗಿ ಸೀಮೆ. ಅಲ್ಲಿ ಕುಲಗೋಡ ಅಂತ ಊರು. ಅಪರಾಳ ತಮ್ಮಣ್ಣ ಅನ್ನೋ ಕವಿ ಬರೆದಿದ್ದ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ, ಬೆಳೆಸಿ, ಇವತ್ತು ನಾವು ನೋಡೋ ಆಟದ ರೂಪ ಕೊಟ್ಟವರು ಈ ಊರಿನ ಕುಲಗೋಡ ತಮ್ಮಣ್ಣ.

ಕಥೆ ಎಲ್ಲರಿಗೂ ಗೊತ್ತಿರೋದೇ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡ್ತಾನ. ಸತ್ಯಭಾಮೆಗೆ ಸುದ್ದಿ ಮುಟ್ಟತದ. ಅಲ್ಲಿಂದ ಮುಂದೆ ಇಡೀ ರಾತ್ರಿ ಅವಳ ಸಿಟ್ಟು, ಬಿಂಕ, ವಿರಹ, ಕೃಷ್ಣನ ಸಮಾಧಾನ. ಕೃಷ್ಣ ಕೊರವಂಜಿಯ ವೇಷ ಹಾಕಿ ಕಣಿ ಹೇಳಾಕ ಬರೋ ಪ್ರಸಂಗವೂ ಇದೆ. ಗಂಡ ಹೆಂಡತಿ ಜಗಳ ಅಷ್ಟೇ ಅಂತ ಅನ್ನಬ್ಯಾಡ್ರಿ. ಆ ಜಗಳದಲ್ಲಿ ಭಾಮೆ ಕೇಳೋದು ಹೂವನ್ನಲ್ಲ, ತನ್ನ ಸ್ಥಾನವನ್ನು.

ಈ ಆಟದ ಜಾಣತನ ಭಾಗವತನಲ್ಲಿ ಇದೆ. ಅವನು ಹಾಡುತ್ತಾನೆ, ಪಾತ್ರಗಳನ್ನು ಮಾತಿಗೆ ಎಳೀತಾನ, ನಮ್ಮ ಪರವಾಗಿ ಭಾಮೆಗೆ ಪ್ರಶ್ನೆ ಕೇಳ್ತಾನ. ಹಿಂದೆ ಹಾರ್ಮೋನಿಯಂ, ತಬಲಾ, ತಾಳ. ರಾಗದ ಹೆಸರು ಗೊತ್ತಿಲ್ಲದವರಿಗೂ ಭಾಮೆಗೆ ಈಗ ಏನಾಗ್ಯಾದ ಅಂತ ಹಾಡು ಕೇಳಿದ ಕೂಡಲೆ ತಿಳಿತದ.

ಈ ಆಟಕ್ಕೆ ಟಿಕೆಟ್ ಇರಲಿಲ್ಲ. ಜಾತ್ರೆಯಲ್ಲೋ ಹಬ್ಬದಲ್ಲೋ ಊರವರು ಪಟ್ಟಿ ಎತ್ತಿ ಮೇಳಕ್ಕೆ ವೀಳ್ಯ ಕೊಡುತ್ತಿದ್ದರು. ಆಟದ ನಡುವೆ ಮೆಚ್ಚಿದವರು ಆಯೇರಿ ಮಾಡುತ್ತಿದ್ದರು, ಕೊಟ್ಟವರ ಹೆಸರನ್ನು ಅಲ್ಲೇ ಕೂಗಿ ಹೇಳುತ್ತಿದ್ದರು. ಅಂದ್ರ ಉಳ್ಳವರು ಹೆಚ್ಚು ಕೊಟ್ಟರು, ಇಲ್ಲದವರು ಬರೇ ಚಾಪೆ ತಂದರು, ಆಟ ಎಲ್ಲರೂ ನೋಡಿದರು. ಆದರೆ ಈ ಪದ್ಧತಿಗೂ ಒಂದು ಕೊರತೆ ಇತ್ತು. ಪಟ್ಟಿ ಎತ್ತಲು ಆಗದ ಬರಗಾಲದ ವರ್ಷ ಮೇಳದವರ ಹೊಟ್ಟೆಗೂ ಬರ.

ಭಾಗ 3/9: ರಾಜರು ರೊಕ್ಕ ಕೊಟ್ಟ ಆಟ

ಈಗ ಕಾಗವಾಡ ದಾಟಿ ಸಾಂಗ್ಲಿಗೆ ಹೋಗೋಣ. ಆಗ ನಕ್ಷೆ ಈಗಿನಂಗ ಇರಲಿಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಸಾಂಗ್ಲಿ, ಮೀರಜ ಪಟವರ್ಧನ್ ಮನೆತನದ ಕೈಯಲ್ಲಿದ್ದವು. ಕನ್ನಡ ಮಾತಾಡೋರು, ಮರಾಠಿ ಮಾತಾಡೋರು ಒಂದೇ ಸಂತೆಗೆ ಹೋಗಿ ಬರುತ್ತಿದ್ದರು.

1842ರಲ್ಲಿ ಸಾಂಗ್ಲಿ ದರಬಾರಿಗೆ ಒಂದು ಭಾಗವತರ ಮೇಳ ಬಂತು. ಎಲ್ಲಿಂದ? ಉತ್ತರ ಕನ್ನಡದ ಹೊನ್ನಾವರ ಹತ್ತಿರದ ಕರ್ಕಿಯಿಂದ. ಘಟ್ಟ ಹತ್ತಿ ಬಂದ ಕನ್ನಡದ ಯಕ್ಷಗಾನದವರು. ಸಾಂಗ್ಲಿಯ ದೊರೆ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನ್ ಅದನ್ನ ನೋಡಿ, ಇಂಥದ್ದು ಮರಾಠಿಯಲ್ಲೂ ಆಗಬೇಕು ಅಂತ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಅವರಿಗೆ ಹೇಳಿದರು.

1843ರ ನವೆಂಬರ್ 5ರಂದು ಭಾವೆಯವರ 'ಸೀತಾ ಸ್ವಯಂವರ' ಸಾಂಗ್ಲಿಯಲ್ಲಿ ಆಯಿತು. ಇವತ್ತಿಗೂ ನವೆಂಬರ್ 5ನ್ನು ಮಹಾರಾಷ್ಟ್ರದವರು ಮರಾಠಿ ರಂಗಭೂಮಿ ದಿನ ಅಂತ ಆಚರಿಸುತ್ತಾರೆ.

ಒಂದ್ಸಲ ನಿಂತು ಯೋಚನೆ ಮಾಡ್ರಿ. ಮರಾಠಿ ರಂಗಭೂಮಿಯ ಹುಟ್ಟುಹಬ್ಬದ ಹಿಂದೆ ಕನ್ನಡದ ಒಂದು ಮೇಳ ಇದೆ. ಇದು ಎದೆ ತಟ್ಟಿಕೊಂಡು "ನಾವೇ ಕೊಟ್ಟಿದ್ದು" ಅನ್ನೋಕೆ ಹೇಳ್ತಿಲ್ಲ. ಮುಂದಿನ ಭಾಗಗಳಲ್ಲಿ ಅವರಿಂದ ನಮಗೆ ಬಂದದ್ದೂ ಅಷ್ಟೇ ಇದೆ.

ಭಾವೆ ಪದ್ಧತಿಯಲ್ಲಿ ಹಾಡೆಲ್ಲ ಸೂತ್ರಧಾರನದೇ. ಪಾತ್ರಧಾರಿಗಳು ಅಲ್ಲೇ ಹೊಳೆದ ಮಾತು ಆಡುತ್ತಿದ್ದರು. ಇನ್ನೂ ಪಾತ್ರವೇ ಹಾಡುವ ಒಪೆರಾ ಆಗಿರಲಿಲ್ಲ. ಖರ್ಚು ಪೂರ್ತಿ ಅರಮನೆಯದು, ನೋಡುವವರು ಅರಮನೆ ಕರೆದವರು.

ಭಾಗ 4/9: ಟಿಕೆಟ್ ಹುಟ್ಟಿದ ವರ್ಷ

1851ರಲ್ಲಿ ಚಿಂತಾಮಣರಾವ್ ತೀರಿಕೊಂಡರು. ಅರಮನೆಯ ಆಸರೆ ಹೋಯಿತು. ಭಾವೆಯವರ ಕೈಯಲ್ಲಿ ಒಂದು ತಂಡ ಇದೆ, ವೇಷಭೂಷಣ ಇದೆ, ತಿಂಗಳಾದರೆ ಊಟದ ಖರ್ಚು ಇದೆ, ಆದಾಯ ಮಾತ್ರ ಸೊನ್ನೆ. ಅವರು ತಂಡ ಕಟ್ಟಿಕೊಂಡು ಊರೂರು ಹೊರಟರು. 1853ರಲ್ಲಿ ಮುಂಬಯಿಗೆ ಹೋಗಿ ಗ್ರ್ಯಾಂಟ್ ರೋಡ್ ಥಿಯೇಟರಿನಲ್ಲಿ ಟಿಕೆಟ್ ಇಟ್ಟು ಆಟ ಆಡಿದರು.

ಯುರೋಪಿನಲ್ಲೂ ಇದೇ ಆಗಿತ್ತು, ಇನ್ನೂರು ವರ್ಷ ಮೊದಲು. ಇಟಲಿಯ ಒಪೆರಾ ಶುರುವಾಗಿದ್ದು 1600ರ ಆಸುಪಾಸು, ಶ್ರೀಮಂತರ ಅರಮನೆಗಳಲ್ಲಿ, ಮದುವೆ ಸಮಾರಂಭಗಳಲ್ಲಿ. 1637ರಲ್ಲಿ ವೆನಿಸ್ ನಗರದ ಸ್ಯಾನ್ ಕಸಿಯಾನೊ ಥಿಯೇಟರ್ ರೊಕ್ಕ ಕೊಟ್ಟ ಯಾರಿಗಾದರೂ ಬಾಗಿಲು ತೆಗೆಯಿತು. ಅಲ್ಲಿಂದ ಒಪೆರಾ ಜನರದಾಯಿತು.

ಟಿಕೆಟ್ ಅಂದ್ರ ಬರೇ ತಡೆಗೋಡೆ ಅಂತ ನಾವು ತಿಳಕೊಂಡಿರ್ತೀವಿ. ಹಂಗಲ್ಲ. ಅರಮನೆ ಬಾಗಿಲಿಗೆ ಕುಲ ಬೇಕು, ಗುರುತು ಬೇಕು, ಕರೆ ಬೇಕು. ಟಿಕೆಟ್ ಕಿಟಕಿಗೆ ಬರೇ ನಾಣ್ಯ ಬೇಕು. ನಾಣ್ಯ ಇಲ್ಲದವನನ್ನು ಅದು ಹೊರಗೆ ಇಟ್ಟಿತು ಅನ್ನೋದು ಖರೆ. ಆದರೆ ಕರೆ ಇಲ್ಲದವನನ್ನು ಮೊದಲ ಸಲ ಒಳಗೆ ಬಿಟ್ಟಿದ್ದೂ ಅದೇ. ಹಂಗಾಗಿ "ಕಡಿಮೆ ದರದ ಟಿಕೆಟ್ ಎಷ್ಟು" ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಆ ದರವೇ ಯಾರು ಪ್ರೇಕ್ಷಕ, ಯಾರು ಅಲ್ಲ ಅಂತ ತೀರ್ಮಾನ ಮಾಡತದ.

ಭಾಗ 5/9: ಗದಗಿನ ಮಾಸ್ತರ, ಗುರ್ಲಹೊಸೂರಿನ ಅಣ್ಣಾಸಾಹೇಬ

ಟಿಕೆಟ್ ನಾಟಕ ಮಂಡಳಿಗಳು ಉತ್ತರ ಕರ್ನಾಟಕಕ್ಕೂ ಬಂದವು, ಮರಾಠಿಯಲ್ಲೇ. ಧಾರವಾಡ, ಬೆಳಗಾವಿ, ಗದಗ ಎಲ್ಲ ಕಡೆ ಜನ ಮುಗಿಬಿದ್ದರು. ಇದನ್ನ ನೋಡಿ ಗದಗಿನ ಒಬ್ಬ ಶಾಲಾ ಮಾಸ್ತರ, ಸಕ್ಕರಿ ಬಾಳಾಚಾರ್ಯ, ನಾವು 'ಶಾಂತಕವಿ' ಅಂತ ಕರೆಯೋರು, 1870ರ ದಶಕದಲ್ಲಿ ಕನ್ನಡದಲ್ಲೇ ನಾಟಕ ಬರೆದು ಗದಗಿನಲ್ಲಿ ಒಂದು ಮಂಡಳಿ ನಿಲ್ಲಿಸಿದರು. ಮಂಡಳಿಗೆ ಊರ ದೇವರು ವೀರನಾರಾಯಣನ ಹೆಸರು. ಬೈದು ಕೂರುವ ಬದಲು, ಪ್ರೇಕ್ಷಕನಿಗೆ ಅವನ ಭಾಷೆಯಲ್ಲೇ ಅಷ್ಟೇ ಚಂದದ ಆಟ ಕೊಟ್ಟರು. ನನಗೆ ಇದು ಬಹಳ ದೊಡ್ಡ ಪಾಠ ಅನ್ನಿಸ್ತದ.

ಅದೇ ಕಾಲಕ್ಕೆ ಇನ್ನೊಬ್ಬರು. ಬೆಳಗಾವಿ ಜಿಲ್ಲೆ ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರ್, ಉರುಫ್ ಅಣ್ಣಾಸಾಹೇಬ. ಸೀತಾ ಸ್ವಯಂವರ ಆದ ವರ್ಷವೇ ಅವರು ಹುಟ್ಟಿದ್ದು. ಬೆಳಗಾವಿಯಲ್ಲಿ ಸರ್ಕಾರಿ ನೌಕರಿ ಮಾಡುತ್ತಲೇ ನಾಟಕದ ಹುಚ್ಚು ಹತ್ತಿಸಿಕೊಂಡರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ 'ಸಂಗೀತ ಶಾಕುಂತಲ' ರಂಗಕ್ಕೆ ಬಂತು. 1882ರಲ್ಲಿ 'ಸಂಗೀತ ಸೌಭದ್ರ'.

ಏನು ಹೊಸದು? ಸೂತ್ರಧಾರನ ಕೈಯಿಂದ ಹಾಡು ಪಾತ್ರಗಳ ಬಾಯಿಗೆ ಬಂತು. ಶಕುಂತಲೆಯೇ ತನ್ನ ನೋವನ್ನು ಹಾಡಿದಳು. ಒಪೆರಾ ಅಂತ ಕರೆಯೋಕೆ ಈಗ ಯಾವ ಅಳುಕೂ ಬೇಡ. ಇನ್ನೊಂದು ಮಾತು: ಕಿರ್ಲೋಸ್ಕರರ ಪದಗಳಲ್ಲಿ ಕನ್ನಡದ ಧಾಟಿಗಳೂ ಸೇರಿಕೊಂಡಿದ್ದವು. ಕನ್ನಡ ಹಾಡಿನ ಚಾಲು, ಮರಾಠಿ ಸಾಹಿತ್ಯ, ಪುಣೆಯ ಪ್ರೇಕ್ಷಕ. ಕರ್ಕಿಯಿಂದ ಸಾಂಗ್ಲಿ, ಸಾಂಗ್ಲಿಯಿಂದ ಗದಗ, ಬೆಳಗಾವಿ ಜಿಲ್ಲೆಯಿಂದ ಪುಣೆ. ಈ ದಾರಿಯಲ್ಲಿ ಯಾವುದು ಕೊಟ್ಟಿದ್ದು, ಯಾವುದು ತಗೊಂಡಿದ್ದು ಅಂತ ಗೆರೆ ಎಳೆಯೋಕೆ ಬರಂಗಿಲ್ಲ.

ಭಾಗ 6/9: ರೈಲು, ತಂಬು, ನೆಲದ ಟಿಕೆಟ್

1890ರ ಹೊತ್ತಿಗೆ ಪುಣೆಯಿಂದ ಮೀರಜ, ಬೆಳಗಾವಿ ಮೇಲೆ ಲೋಂಡಾಕ್ಕೆ ರೈಲು ಹಳಿ ಬಿತ್ತು. ನಮ್ಮ ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಸ್ಟೇಷನ್ನುಗಳು ಈ ಲೈನಿನ ಮೇಲೇ ಇವೆ. ನಾಟಕ ಕಂಪನಿಗೆ ಇದು ವರ. ಪರದೆ, ಪೆಟ್ಟಿಗೆ, ಕಿರೀಟ, ಅಡುಗೆ ಭಾಂಡೆ ಎಲ್ಲ ಏರಿಸಿಕೊಂಡು ಊರಿಂದ ಊರಿಗೆ ಹೋಗಬಹುದು.

ಮೀರಜಿನಲ್ಲಿ 1905ರಲ್ಲಿ ಕಿರ್ಲೋಸ್ಕರ್ ಮಂಡಳಿಯ ಶಾಕುಂತಲದಲ್ಲಿ ಒಬ್ಬ ಹುಡುಗ ಮೊದಲ ಸಲ ಶಕುಂತಲೆಯಾದ. ಹೆಸರು ನಾರಾಯಣ ಶ್ರೀಪಾದ ರಾಜಹಂಸ, ಮುಂದೆ ಜಗತ್ತು ಕರೆದದ್ದು ಬಾಲಗಂಧರ್ವ. ಕೊಲ್ಹಾಪುರದ ಕೇಶವರಾವ್ ಭೋಸಲೆ ತಮ್ಮ 'ಲಲಿತಕಲಾದರ್ಶ' ಮಂಡಳಿಯನ್ನು 1908ರಲ್ಲಿ ಶುರು ಮಾಡಿದ್ದು ಎಲ್ಲಿ ಗೊತ್ತೇನು? ನಮ್ಮ ಹುಬ್ಬಳ್ಳಿಯಲ್ಲಿ. ಘಟಪ್ರಭಾ ದಂಡೆಯ ಕೊಣ್ಣೂರಿನಿಂದ ಶಿವಮೂರ್ತಿಸ್ವಾಮಿ ಕಣಬರಗಿಮಠರ ಕಂಪನಿ ಕನ್ನಡದಲ್ಲಿ ಹೊರಟಿತು.

ಕಾಮರ್ಸ್ ಓದೋ ನಮಗೆ ಕಂಪನಿ ನಾಟಕದ ಲೆಕ್ಕ ಬಹಳ ಚಂದ ತಿಳಿತದ. ನಟರ ಸಂಬಳ, ಊಟ, ಜಾಗದ ಬಾಡಿಗೆ, ದೀಪದ ಎಣ್ಣೆ, ಸಾಗಾಣಿಕೆ, ಇವೆಲ್ಲ ಸ್ಥಿರ ವೆಚ್ಚ. ಹತ್ತು ಜನ ಬಂದರೂ ಅಷ್ಟೇ, ಸಾವಿರ ಜನ ಬಂದರೂ ಅಷ್ಟೇ. ಪರದೆ ಎದ್ದ ಮೇಲೆ ಇನ್ನೊಬ್ಬ ಪ್ರೇಕ್ಷಕ ಬಂದು ಕೂತರೆ ಕಂಪನಿಗೆ ಹೆಚ್ಚಿನ ಖರ್ಚು ಇಲ್ಲ. ಅದಕ್ಕೇ ಖುರ್ಚಿ, ಬಾಂಕು, ನೆಲ ಅಂತ ದರ್ಜೆ ಮಾಡಿದರು. ಖುರ್ಚಿಯವರು ಹೆಚ್ಚು ಕೊಟ್ಟರು. ನೆಲದವರು ಚಿಲ್ಲರೆ ಕೊಟ್ಟರು, ಆದರೆ ತಂಬು ತುಂಬಿಸಿದರು. ಒನ್ಸ್ ಮೋರ್ ಕೂಗಿದವರು, ಮರುದಿನ ಹೊಲದಲ್ಲಿ ಹಾಡು ಹಾಡಿ ಪುಕ್ಕಟೆ ಪ್ರಚಾರ ಮಾಡಿದವರು ಅವರೇ. ನೆಲದ ಟಿಕೆಟ್ ದಾನ ಅಲ್ಲ, ವ್ಯಾಪಾರ.

ಭಾಗ 7/9: ರಂಗದ ಮೇಲೆ ಯಾರು, ಸಾಲ ಯಾರ ತಲೆ ಮೇಲೆ

ನೆಲದ ಮೇಲೆ ಎಲ್ಲರೂ ಕೂರಬಹುದಿತ್ತು. ರಂಗದ ಮೇಲೆ? ಬಾಲಗಂಧರ್ವರ ಕೀರ್ತಿ ಇದ್ದದ್ದೇ ಹೆಣ್ಣು ಪಾತ್ರದಲ್ಲಿ. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗ ಹತ್ತಬಾರದು ಅನ್ನೋ ಕಾಲ. ಹತ್ತಿದವರನ್ನು ಸಮಾಜ ನೋಡಿದ ರೀತಿ ಬೇರೆ. ಅವರ ಹಾಡಿಗೆ ಚಪ್ಪಾಳೆ, ಅವರ ಬಾಳಿಗೆ ಬೆರಳು.

ಆದರೂ ನಮ್ಮ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಮಾಡಿದರು. ಬೀಳಗಿಯಿಂದ ಇಬ್ಬರು ಅಕ್ಕತಂಗಿಯರು ಹೊರಟರು, ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ. ಅಮೀರಬಾಯಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರು, 1943ರ 'ಕಿಸ್ಮತ್' ಅವರ ದನಿಯಿಂದಲೂ ಮೆರೆಯಿತು. ಗೋಹರಬಾಯಿ 1930ರ ದಶಕದ ಕೊನೆಗೆ ಬಾಲಗಂಧರ್ವರ ಮಂಡಳಿ ಸೇರಿ ನಾಯಕಿಯಾದರು. ಕನ್ನಡದ ಹುಡುಗಿ ಮರಾಠಿ ರಂಗದ ನಡುಮಧ್ಯೆ ನಿಂತಳು.

ಇನ್ನು ಸಾಲದ ಕಥೆ. 1913ರಲ್ಲಿ ಶುರುವಾದ ಗಂಧರ್ವ ನಾಟಕ ಮಂಡಳಿಯ ವೈಭವ ಕೇಳಬ್ಯಾಡ್ರಿ. ಬೆಲೆಬಾಳುವ ಸೀರೆ, ಅತ್ತರು, ಹೆಸರಾಂತ ವಾದ್ಯಗಾರರು. ಮಂಡಳಿ ಸಾಲದಲ್ಲಿ ಮುಳುಗಿತು. ಬಾಲಗಂಧರ್ವರು ಓಡಿ ಹೋಗಲಿಲ್ಲ, ಹೊಣೆ ಹೊತ್ತು ಹಾಡಿ ಹಾಡಿ ತೀರಿಸಿದರು.

ಅಷ್ಟರಲ್ಲಿ ಟಾಕಿ ಬಂತು. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದು ನಿಪ್ಪಾಣಿ ಪಕ್ಕದ ಕೊಲ್ಹಾಪುರದಲ್ಲೇ. 1932ರ ಅವರ 'ಅಯೋಧ್ಯೇಚಾ ರಾಜಾ'ದಲ್ಲಿ ಹರಿಶ್ಚಂದ್ರನಾದವರು ಗೋವಿಂದರಾವ್ ಟೆಂಬೆ, ಸಂಗೀತ ನಾಟಕಕ್ಕೆ ರಾಗ ಕೂಡಿಸಿದ್ದ ಅದೇ ಟೆಂಬೆ. ಬಾಲಗಂಧರ್ವರೂ 1935ರಲ್ಲಿ ಪ್ರಭಾತ್‌ನ 'ಧರ್ಮಾತ್ಮಾ'ದಲ್ಲಿ ಪಾತ್ರ ಮಾಡಿದರು. ಲೆಕ್ಕ ನೋಡ್ರಿ: ಸಿನಿಮಾಕ್ಕೆ ಒಮ್ಮೆ ಖರ್ಚು, ಆಮೇಲೆ ನೂರು ಊರಿನಲ್ಲಿ ಒಂದೇ ರಾತ್ರಿ ಆಟ. ನಾಟಕಕ್ಕೆ ದಿನಾ ರಾತ್ರಿ ಹೊಸ ಖರ್ಚು. ನೆಲದ ಪ್ರೇಕ್ಷಕ ಎದ್ದು ಟಾಕೀಸಿಗೆ ಹೋದ. ನೆಲ ಖಾಲಿಯಾದ ಮೇಲೆ ಖುರ್ಚಿಗಳು ಎಷ್ಟು ದಿನ ಕಂಪನಿ ಹೊರಬೇಕು?

ಎಲ್ಲರೂ ಸೋಲಲಿಲ್ಲ. ಸವದತ್ತಿ ಕಡೆಯ ಏಣಗಿ ಬಾಳಪ್ಪ ಕಂಪನಿ ಕಟ್ಟಿ ಬಸವಣ್ಣನ ಪಾತ್ರದಲ್ಲಿ ಮನೆಮಾತಾದರು. 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ನಮ್ಮ ಬಯಲಾಟದ ಹಾಡನ್ನೇ ಹೊಸ ನಾಟಕಕ್ಕೆ ತಂದರು.

ಭಾಗ 8/9: ಹಂಗಾದ್ರ ಮೊದಲ ಆಟ ಯಾವುದು?

ಹಳಬರ ಇತಿಹಾಸದಿಂದ ಒಂದು ಸೂತ್ರ ಸಿಗ್ತದ: ಕಥೆ ಮೊದಲೇ ಗೊತ್ತಿರೋ ಆಟ ಆರಿಸ್ರಿ. ಶಾಕುಂತಲ, ಸೌಭದ್ರ, ಪಾರಿಜಾತ, ಎಲ್ಲವೂ ಗೊತ್ತಿರೋ ಕಥೆಗಳೇ. ಮುಂದೇನಾಗ್ತದ ಅನ್ನೋ ಚಿಂತಿ ಇಲ್ಲದಾಗ ಕಿವಿ ಹಾಡಿನ ಕಡೆ ಹೋಗ್ತದ.

ಮೊದಲನೇದು, ಶ್ರೀಕೃಷ್ಣ ಪಾರಿಜಾತ. ಭಾಷೆ ನಮ್ಮದೇ, ನಗು ಇದೆ, ಹೆಚ್ಚಾಗಿ ಟಿಕೆಟ್ಟೇ ಇಲ್ಲ. ಜಾತ್ರೆ ಹ್ಯಾಂಡ್‌ಬಿಲ್ ಓದ್ರಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಬಾಗಲಕೋಟೆಯ ಬಯಲಾಟ ಅಕಾಡೆಮಿ ಮಾಡಿಸೋ ಪ್ರದರ್ಶನಗಳ ಮೇಲೆ ಕಣ್ಣಿಡ್ರಿ. ಮೂಲ ಆಟ ರಾತ್ರಿ ಇಡೀ. ವೇದಿಕೆ ಕಾರ್ಯಕ್ರಮದಲ್ಲಿ ಚಿಕ್ಕದು ಮಾಡ್ತಾರ. ಮೊದಲ ಸಲ ಚಿಕ್ಕದೂ ನಡೀತದ.

ಎರಡನೇದು, ಸಂಗೀತ ಸೌಭದ್ರ. ಅರ್ಜುನ, ಸುಭದ್ರೆ, ನಡುವೆ ಕೃಷ್ಣನ ಆಟ. ನಿಪ್ಪಾಣಿ, ಕಾಗವಾಡ ಕಡೆಯವರಿಗೆ ಮರಾಠಿ ತೊಡಕೇ ಅಲ್ಲ. ಸಾಂಗ್ಲಿಯ ವಿಷ್ಣುದಾಸ ಭಾವೆ ನಾಟ್ಯಮಂದಿರ, ಮೀರಜಿನ ಬಾಲಗಂಧರ್ವ ನಾಟ್ಯಗೃಹದ ಫಲಕ ನೋಡ್ತಾ ಇರ್ರಿ. ಮಹಾರಾಷ್ಟ್ರ ಸರ್ಕಾರದ ರಾಜ್ಯ ನಾಟ್ಯ ಸ್ಪರ್ಧೆ ನಡೆಯುವಾಗ ಟಿಕೆಟ್ ನಾಮಮಾತ್ರ ಇರ್ತದ, ವೃತ್ತಿ ನಾಟಕದ ದರಕ್ಕೆ ಹೋಲಿಕೆಯೇ ಇಲ್ಲ.

ಮೂರನೇದು, ಕಂಪನಿ ನಾಟಕ. ಬಾದಾಮಿ ಬನಶಂಕರಿ ಜಾತ್ರೆಗೆ ಹೋದರೆ ಸಾಲು ಸಾಲು ಕಂಪನಿ. ಈಗ ಹಾಡಿಗಿಂತ ಕಾಮಿಡಿ ಜಾಸ್ತಿ, ಅದನ್ನ ತಿಳಕೊಂಡೇ ಹೋಗ್ರಿ.

ನಾಲ್ಕನೇದು, ಪಶ್ಚಿಮದ್ದು. 'ಮ್ಯಾಜಿಕ್ ಫ್ಲೂಟ್' ಅಥವಾ 1875ರ 'ಕಾರ್ಮೆನ್' ಯೂಟ್ಯೂಬಿನಲ್ಲಿ ಸಬ್‌ಟೈಟಲ್ ಹಾಕಿ ನೋಡ್ರಿ. ಮ್ಯಾಜಿಕ್ ಫ್ಲೂಟ್ ಮೊದಲು ಆಡಿದ್ದು ರಾಜರ ಒಪೆರಾ ಹೌಸಿನಲ್ಲಲ್ಲ, ವಿಯೆನ್ನಾದ ಹೊರಭಾಗದ ಜನಸಾಮಾನ್ಯರ ಥಿಯೇಟರಿನಲ್ಲಿ. ಮುಂಬಯಿಗೆ ಹೋದಾಗ ರಾಯಲ್ ಒಪೆರಾ ಹೌಸ್ ಕಟ್ಟಡ ನೋಡ್ರಿ, 1911ರಲ್ಲಿ ಉದ್ಘಾಟನೆಯಾಗಿ, ಬಹಳ ವರ್ಷ ಮುಚ್ಚಿದ್ದು, 2016ರಲ್ಲಿ ಮತ್ತೆ ತೆರೆದದ್ದು. ಬಾಲಗಂಧರ್ವರೂ ಅಲ್ಲಿ ಹಾಡಿದ್ದರು.

ಭಾಗ 9/9: ಟಿಕೆಟ್ ಅಂದ್ರ ಪೂರ್ತಿ ಖರ್ಚಲ್ಲ

ನಮಗೆ ಆಟ ತುಟ್ಟಿ ಆಗೋದು ಟಿಕೆಟ್ಟಿನಿಂದಲ್ಲ, ದಾರಿಯಿಂದ. ಸಂಗೀತ ನಾಟಕ ಮುಗಿಯೋ ಹೊತ್ತಿಗೆ ಕೊನೇ ಬಸ್ ಹೋಗಿರ್ತದ. ಅಥಣಿಯಿಂದ ಮೀರಜಿಗೆ ಒಬ್ಬರೇ ಹೋಗಿ ಗಾಡಿ ಮಾಡಿಕೊಂಡು ಬಂದರೆ ಟಿಕೆಟ್ಟಿನ ಎಷ್ಟೋ ಪಟ್ಟು ಖರ್ಚು. ಹುಡುಗಿಯರಿಗಂತೂ ರೊಕ್ಕಕ್ಕಿಂತ ದೊಡ್ಡ ತಡೆ ವಾಪಸ್ ಬರೋ ದಾರಿ. ಹಂಗಾಗಿ ಮಧ್ಯಾಹ್ನದ ಪ್ರಯೋಗ ಹುಡುಕ್ರಿ. ಆರೇಳು ಮಂದಿ ಕೂಡಿ ಒಂದು ಗಾಡಿ ಮಾಡ್ರಿ. ಹಿಂದಿನ ಸಾಲು, ಬಾಲ್ಕನಿ ತಗೊಳ್ರಿ. ಹಾಡಿನ ನಾಟಕದಲ್ಲಿ ಮುಖಕ್ಕಿಂತ ದನಿ ಮುಖ್ಯ, ದನಿ ಹಿಂದಿನ ಸಾಲಿಗೂ ಮುಟ್ಟತದ. ಅಥವಾ ಊರವರು ಮಾಡಿದ್ದನ್ನೇ ಮಾಡ್ರಿ: ಕಾಲೇಜಿನಲ್ಲಿ ಪಟ್ಟಿ ಎತ್ತಿ ಒಂದು ಪಾರಿಜಾತ ಮೇಳವನ್ನೇ ಕರೆಸ್ರಿ. ತಲೆಗೆ ಎಷ್ಟು ಬೀಳತದ ಅಂತ ಲೆಕ್ಕ ಹಾಕ್ರಿ. ಹುಟ್ಟುಹಬ್ಬದ ಕೇಕಿಗೆ ನಾವು ಹಾಕೋ ವಂತಿಗೆ ಪಕ್ಕದಲ್ಲಿ ಇಟ್ಟು ನೋಡ್ರಿ.

ತಡ ಮಾಡಬ್ಯಾಡ್ರಿ ಅನ್ನೋಕೆ ಕಾರಣ ಇದೆ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1915ರಲ್ಲಿ ಖಾಸಬಾಗ ಕುಸ್ತಿ ಮೈದಾನದ ಪಕ್ಕ ಕಟ್ಟಿಸಿದ ಪ್ಯಾಲೇಸ್ ಥಿಯೇಟರ್, ಆಮೇಲೆ ಕೇಶವರಾವ್ ಭೋಸಲೆ ನಾಟ್ಯಗೃಹ ಆಗಿತ್ತು. 2024ರ ಆಗಸ್ಟ್ 8ರ ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಮರುದಿನ ಕೇಶವರಾವ್ ಅವರ ಜಯಂತಿ. ಕಟ್ಟಡ ಸುಟ್ಟರೆ ಮತ್ತೆ ಕಟ್ಟಬಹುದು. ಭಾಮೆಯ ಪದ ಪೂರ್ತಿ ಬಾಯಿಪಾಠ ಇರೋ ಮುದುಕಿ, ಭಾಗವತನ ಮಾತಿನ ಚುರುಕು ಗೊತ್ತಿರೋ ಮುದುಕ ಹೋದರೆ ಅದನ್ನ ಕಟ್ಟೋ ಗೌಂಡಿ ಯಾರೂ ಇಲ್ಲ.

ಗಡಿ ಜಗಳದಲ್ಲಿ ಬೆಳೆದ ನಮಗೆ ಎಲ್ಲವನ್ನೂ 'ನಮ್ದು, ಅವರ್ದು' ಅಂತ ಹಂಚೋ ರೂಢಿ. ಹಾಡು ಮಾತ್ರ ಹಂಚಿಕೆಗೆ ಸಿಗಲಿಲ್ಲ. ಅರಮನೆ ಬಿಟ್ಟ ಮೇಲೆ ಅದನ್ನು ಉಳಿಸಿದ್ದು ನೆಲದ ಮೇಲೆ ಕೂತ ಜನ, ಚಿಲ್ಲರೆ ಕೊಟ್ಟು. ಈಗ ಆ ಜಾಗ ಖಾಲಿ ಇದೆ. ಅಲ್ಲಿ ಕೂರೋಕೆ ನಮಗೆ ಯಾವ ರಾಗದ ಜ್ಞಾನವೂ ಬೇಕಿಲ್ಲ, ದೊಡ್ಡ ರೊಕ್ಕವೂ ಬೇಕಿಲ್ಲ.

ನಿಮ್ಮೂರ ಜಾತ್ರೆಯಾಗ ಈ ವರ್ಷ ಯಾವ ಆಟ ಇತ್ತು? ಊರ ಹೆಸರು, ಆಟದ ಹೆಸರು ಕೆಳಗೆ ಬರೀರಿ. ಐದು ತಾಲೂಕಿನದೂ ಒಂದು ಪಟ್ಟಿ ಮಾಡೋಣ, ಮುಂದಿನ ವರ್ಷ ಎಲ್ಲಿಗೆ ಹೋಗಬೇಕು ಅಂತ ಎಲ್ಲರಿಗೂ ಗೊತ್ತಾಗಲಿ.

#ಶ್ರೀಕೃಷ್ಣಪಾರಿಜಾತ #ಸಂಗೀತನಾಟಕ #ಕಂಪನಿನಾಟಕ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ